ಕಿರ್ದಿಗೊಂದು ಪ್ರತಿ

ನಮ್ಮ ಊರಿನ ಪೇಟೆಬೀದಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಸಗಟು ದಿನಸಿಯ ಅಂಗಡಿಯಿದೆ. ಹಳಗನ್ನಡದ ತರಗತಿಯಲ್ಲಿ ಕೊನೆಯ ಬೆಂಚಿಗೆ ಒರಗಿ ಕೂಡುತ್ತಿದ್ದವನು, ವ್ಯಾಪಾರದಲ್ಲಿ ಮಾತ್ರ ಮೊದಲ ಸಾಲಿಗೆ ಬಂದವನು. ಕಳೆದ ಆಷಾಢದಲ್ಲಿ ಒಂದು ಬೆಳಗ್ಗೆ ಅವನು ನಮ್ಮ ಮನೆಗೆ ಬಂದು ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದ. ಕಡೆಗೆ, “ಸರ್, ನನಗೆ ಯಾರು ಎಷ್ಟು ಕೊಡಬೇಕೆಂಬುದೇ ನನಗೆ ತಿಳಿಯದಂತಾಗಿದೆ” ಎಂದ.

ಹಿಂದಿನ ರಾತ್ರಿ ಅಂಗಡಿಯ ಕಂಪ್ಯೂಟರಿನೊಳಕ್ಕೆ ನುಗ್ಗಿದ ಕಳ್ಳ ತಂತ್ರಾಂಶವೊಂದು ಲೆಕ್ಕಪತ್ರಗಳಿಗೆಲ್ಲ ಬೀಗ ಜಡಿದು, ಬೀಗದಕೈ ಬೇಕಾದರೆ ಹಣ ತೆರಬೇಕೆಂದು ತೆರೆಯ ಮೇಲೆ ಬರೆದಿತ್ತು. “ಪ್ರತಿ ಇಟ್ಟಿರಲಿಲ್ಲವೇನಪ್ಪ?” ಎಂದು ಕೇಳಿದೆ. “ಇಟ್ಟಿದ್ದೆ ಸರ್. ದಿನವೂ ಬೇರೊಂದು ಹಾರ್ಡ್ ಡಿಸ್ಕಿಗೆ ಇಳಿಸುತ್ತಿದ್ದೆವು. ಆದರೆ ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸುತ್ತಿರಲಿಲ್ಲ” ಎಂದ. ಮೂಲಕ್ಕೆ ಬಿದ್ದ ಬೀಗವೇ ಪ್ರತಿಗೂ ಬಿದ್ದಿತ್ತು.

ಒಬ್ಬ ಅಂಗಡಿಕಾರನ ಅಜಾಗರೂಕತೆಯೆಂದು ಇದನ್ನು ತಳ್ಳಿಹಾಕುವಂತಿಲ್ಲ. ವಿಜ್ಞಾನದಲ್ಲಿ ಮುಂದುವರಿದ ದೇಶಗಳೂ ಇದೇ ಹಳ್ಳಕ್ಕೆ ಬಿದ್ದಿವೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಮ್ ಬ್ಯಾಟರಿಗಳಿಂದ ಬೆಂಕಿ ಹೊತ್ತಿತು. ಆರುನೂರಕ್ಕೂ ಹೆಚ್ಚು ಸರ್ಕಾರಿ ಸೇವೆಗಳು ಒಮ್ಮೆಗೇ ನಿಂತವು. ಅವುಗಳಲ್ಲಿ ಬಹಳಷ್ಟು ಕ್ರಮೇಣ ಚೇತರಿಸಿಕೊಂಡವು. ಆದರೆ ಸರ್ಕಾರಿ ನೌಕರರು ತಮ್ಮ ಕಾಗದಪತ್ರಗಳನ್ನಿಡುತ್ತಿದ್ದ ‘ಜಿ-ಡ್ರೈವ್’ ಎಂಬ ಉಗ್ರಾಣದ 858 ಟೆರಾಬೈಟ್‌ಗಳಷ್ಟು ದತ್ತಾಂಶಕ್ಕೆ ಹೊರಗೆಲ್ಲಿಯೂ ಪ್ರತಿಯಿರಲಿಲ್ಲ. ಅಷ್ಟು ದೊಡ್ಡದಕ್ಕೆ ಪ್ರತಿ ಮಾಡುವುದು ಕಷ್ಟವೆಂಬುದು ಅಧಿಕಾರಿಗಳು ಕೊಟ್ಟ ಸಮಾಧಾನ. ಅದಕ್ಕೂ ಮೊದಲು, 2021ರ ಮಾರ್ಚ್ 10ರಂದು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರವೊಂದು ಸುಟ್ಟುಹೋಯಿತು. ಪ್ರತಿ ಇರಿಸುವ ಸೇವೆಗೆಂದು ಬೇರೆಯಾಗಿ ಹಣ ತೆತ್ತಿದ್ದ ಗ್ರಾಹಕರಲ್ಲಿಯೂ ಕೆಲವರು ಎಲ್ಲವನ್ನೂ ಕಳೆದುಕೊಂಡರು. ಮೂಲ ಉರಿದ ಆವರಣದಲ್ಲಿಯೇ ಪ್ರತಿಯೂ ಇತ್ತು.

ನಮ್ಮ ನಾಡಿನ ಅನುಭವವೂ ಬೇರೆಯಲ್ಲ. 2024ರ ಜುಲೈ ಕೊನೆಯಲ್ಲಿ, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಒದಗಿಸುವ ಒಂದೇ ಸಂಸ್ಥೆಯ ಮೇಲೆ ಇಂಥದೇ ಬೀಗದ ದಾಳಿಯಾದಾಗ, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ವ್ಯವಹಾರ ತಾತ್ಕಾಲಿಕವಾಗಿ ಸ್ಥಗಿತವಾಯಿತು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ಮುಳುಗಿದ್ದನ್ನು ವಾಚಕರು ಮರೆತಿರಲಾರರು. ನೀರು ಮೂಲ ಯಾವುದು, ಪ್ರತಿ ಯಾವುದು ಎಂದು ವಿಚಾರಿಸಿ ಒಳಗೆ ಬರುವುದಿಲ್ಲ.

ಕನ್ನಡದ ಅಧ್ಯಾಪಕನಿಗೆ ಇಂಥ ಪ್ರಸಂಗದಲ್ಲಿ ಪೊನ್ನನ ನೆನಪಾಗುವುದು ಸಹಜ. ಹತ್ತನೆಯ ಶತಮಾನದ ಈ ಮಹಾಕವಿಯ ‘ಶಾಂತಿಪುರಾಣ’ಕ್ಕೆ ದಾನಚಿಂತಾಮಣಿ ಅತ್ತಿಮಬ್ಬೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಆ ಕಾವ್ಯ ಇಂದಿಗೂ ನಮಗೆ ಓದಲು ಸಿಗುತ್ತದೆ. ಅದೇ ಕವಿಯ ‘ಭುವನೈಕರಾಮಾಭ್ಯುದಯ’ ಮಾತ್ರ ಸಿಗುವುದಿಲ್ಲ; ಅದರ ಹೆಸರನ್ನು ಹೇಳಿ ನಿಟ್ಟುಸಿರಿಡುವುದಷ್ಟೇ ನಮ್ಮ ಪಾಲಿಗೆ ಉಳಿದಿದೆ. ಗೆದ್ದಲು, ಬೆಂಕಿ, ಮಳೆ, ಮನುಷ್ಯನ ಮರೆವು, ಇವು ಎರಡು ಕೃತಿಗಳಿಗೂ ಸಮಾನವಾಗಿದ್ದ ಶತ್ರುಗಳು. ಆದರೆ ಒಂದೂರಿನ ಗೆದ್ದಲು ಇನ್ನೊಂದೂರಿನ ಓಲೆಗರಿಯನ್ನು ತಿನ್ನಲಾರದು. ಅತ್ತಿಮಬ್ಬೆಯ ದಾನದಲ್ಲಿ ಪ್ರತಿಗಳ ಸಂಖ್ಯೆ ಎಷ್ಟು ಮುಖ್ಯವೋ ಅವು ಹಂಚಿಹೋದುದೂ ಅಷ್ಟೇ ಮುಖ್ಯ. ಸಾವಿರವೂ ಒಂದೇ ಬಸದಿಯ ಒಂದೇ ಪೆಟ್ಟಿಗೆಯಲ್ಲಿದ್ದಿದ್ದರೆ ಅವು ಒಂದಕ್ಕೆ ಸಮ.

ಹಿಂದಿನ ಕಾಲದ ಕೆಂಪು ಬಟ್ಟೆಯ ಕಿರ್ದಿಪುಸ್ತಕವೇ ಲೇಸಾಗಿತ್ತೆಂದು ನಾನು ವಾದಿಸುತ್ತಿಲ್ಲ. ಅದಕ್ಕೂ ಪ್ರತಿಯಿರಲಿಲ್ಲ; ಅಂಗಡಿಗೆ ಬೆಂಕಿ ಬಿದ್ದರೆ ಅದೂ ಬೂದಿಯಾಗುತ್ತಿತ್ತು. ಕಂಪ್ಯೂಟರು ಮಾಡಿರುವ ಉಪಕಾರವೆಂದರೆ, ಪ್ರತಿ ಮಾಡುವ ಶ್ರಮವನ್ನು ನಿಮಿಷಗಳಿಗೆ ಇಳಿಸಿರುವುದು. ಲಿಪಿಕಾರನು ತಿಂಗಳುಗಟ್ಟಲೆ ಕುಳಿತು ಮಾಡುತ್ತಿದ್ದ ಕೆಲಸಕ್ಕೆ ಈಗ ಒಂದು ಲೋಟ ಕಾಫಿಯ ಹೊತ್ತು ಸಾಕು. ಇಷ್ಟು ಸುಲಭವಾದುದನ್ನೂ ನಾವು ಮಾಡದಿರುವುದೇ ವಿಷಾದದ ಸಂಗತಿ.

ಕಾನೂನಿನಲ್ಲಿ ಇದಕ್ಕೆ ವಿಧಿಯಿಲ್ಲವೆ? ಇದೆ. 2017ರ ಕೇಂದ್ರ ಜಿಎಸ್‌ಟಿ ನಿಯಮಗಳ 57ನೆಯ ನಿಯಮವು, ವಿದ್ಯುನ್ಮಾನ ದಾಖಲೆಗಳು ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ನಾಶವಾದರೆ ಸಮಂಜಸವಾದ ಅವಧಿಯಲ್ಲಿ ಮರಳಿ ಪಡೆಯುವಂತೆ ಬ್ಯಾಕಪ್ ಇಟ್ಟಿರಬೇಕೆಂದು ವಿಧಿಸುತ್ತದೆ. ಲೆಕ್ಕಪತ್ರಗಳನ್ನು, ವಾರ್ಷಿಕ ವಿವರಪತ್ರ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕೆಂದು ಕಾಯಿದೆಯೂ ಹೇಳುತ್ತದೆ. ಆದರೆ ನನ್ನ ಶಿಷ್ಯನಿಗೆ ಈ ಮಾತನ್ನು ಕನ್ನಡದಲ್ಲಿ ಯಾರೂ ಹೇಳಿರಲಿಲ್ಲ. ತೆರಿಗೆ ಕಟ್ಟುವ ಕೊನೆಯ ದಿನವನ್ನು ನೆನಪಿಸುವವರು ಹಲವರು. ಲೆಕ್ಕವನ್ನು ಉಳಿಸಿಕೊಳ್ಳುವ ಬಗೆಯನ್ನು ಕಲಿಸುವವರು ವಿರಳ. ಊರೂರಿನ ವರ್ತಕರ ಸಂಘಗಳೂ ಸಹಕಾರ ಸಂಘಗಳೂ ವರ್ಷಕ್ಕೊಂದು ದಿನವನ್ನು ಇದಕ್ಕೆ ಮೀಸಲಿಟ್ಟರೆ ದೊಡ್ಡ ಖರ್ಚೇನೂ ಆಗದು.

ಕಲಿಸಬೇಕಾದುದಾದರೂ ಎಷ್ಟು? ಬಲ್ಲವರು ಅದನ್ನು ಮೂರು, ಎರಡು, ಒಂದು ಎಂದು ಎಣಿಸುತ್ತಾರೆ: ಮೂಲವೂ ಸೇರಿ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳ ಮೇಲೆ, ಒಂದಾದರೂ ಬೇರೆ ಸ್ಥಳದಲ್ಲಿ. ಡಿಸ್ಕಿಗೆ ಇಳಿಸಿದರೆ, ಇಳಿಸಿದೊಡನೆ ಅದನ್ನು ಬಿಡಿಸಿ ತೆಗೆಯಬೇಕು. ಕ್ಲೌಡಿನಲ್ಲಿಟ್ಟರೆ ಹಿಂದಿನ ದಿನಗಳ ಆವೃತ್ತಿಗಳೂ ಉಳಿಯುವಂತಿರಬೇಕು. ಇಲ್ಲವಾದರೆ ಬೀಗ ಬಿದ್ದ ಕಡತವೇ ಅಲ್ಲಿಗೂ ಏರಿ ಕೂಡುತ್ತದೆ. ಆಮೇಲೆ ಯಜಮಾನನು ತನಗೆ ತಾನೇ ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು: ಎಷ್ಟು ದಿನದ ಲೆಕ್ಕ ಹೋದರೆ ನಾನು ತಾಳಬಲ್ಲೆ? ಎಷ್ಟು ದಿನ ಅಂಗಡಿ ಮುಚ್ಚಿದರೆ ತಾಳಬಲ್ಲೆ? ಪ್ರತಿಯನ್ನು ದಿನವೂ ಮಾಡಬೇಕೆ, ವಾರಕ್ಕೊಮ್ಮೆ ಸಾಕೆ ಎಂಬುದನ್ನು ಮೊದಲನೆಯ ಉತ್ತರ ನಿರ್ಧರಿಸುತ್ತದೆ. ಇನ್ನೊಂದು ಕಂಪ್ಯೂಟರನ್ನು ಸಿದ್ಧವಾಗಿಡಬೇಕೆ ಎಂಬುದನ್ನು ಎರಡನೆಯದು. ಯಾರಿಗೆ ಮೊದಲು ಫೋನು ಮಾಡಬೇಕೆಂಬುದನ್ನು, 1930 ಎಂಬ ಸೈಬರ್ ಅಪರಾಧದ ಸಹಾಯವಾಣಿಯನ್ನೂ ಸೇರಿಸಿ, ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿರಬೇಕು. ಕಂಪ್ಯೂಟರು ಕೆಟ್ಟಾಗ ಬೇಕಾಗುವ ಪಟ್ಟಿಯನ್ನು ಕಂಪ್ಯೂಟರಿನೊಳಗೇ ಇಟ್ಟವರನ್ನು ನಾನು ಕಂಡಿದ್ದೇನೆ.

ನನ್ನ ಶಿಷ್ಯ ಕಳ್ಳರಿಗೆ ಹಣ ಕೊಡಲಿಲ್ಲ. ಹಳ್ಳಿಹಳ್ಳಿಗೂ ಹೋಗಿ, ಉದ್ರಿ ಕೊಂಡಿದ್ದ ಚಿಲ್ಲರೆ ಅಂಗಡಿಯವರ ಮುಂದೆ ನಿಂತು, “ನಿಮ್ಮ ಬಾಕಿ ಎಷ್ಟೆಂದು ನೀವೇ ಹೇಳಿ” ಎಂದು ಕೇಳಿದ. ಬಹುಮಂದಿ ಬಿಲ್ಲುಗಳನ್ನು ಹುಡುಕಿ ತೆಗೆದು ತೋರಿಸಿದರು. ಕೆಲವರು ಸುಮ್ಮನಾದರು. ಅವನಿಗೆ ಹೆಚ್ಚು ನೋವಾದದ್ದು ಆ ನಷ್ಟದಿಂದಲ್ಲ. ಹಮಾಲರು ತಮ್ಮ ಕೂಲಿಯಲ್ಲಿ ಅವನ ಬಳಿ ಬಿಟ್ಟಿದ್ದ ಉಳಿತಾಯದ ಲೆಕ್ಕವೂ ಅದರಲ್ಲಿಯೇ ಹೋಗಿತ್ತು. ಅವರು ಹೇಳಿದ ಮೊತ್ತವನ್ನು ಮರುಮಾತಿಲ್ಲದೆ ಕೊಟ್ಟನಂತೆ. ಅಂಗಡಿಯ ಲೆಕ್ಕ ಅಂಗಡಿಯವನೊಬ್ಬನ ಸ್ವತ್ತಲ್ಲವೆಂಬುದು ನನಗೆ ಆಗ ಮನದಟ್ಟಾಯಿತು.

ಈಗ ಅವನಲ್ಲಿ ಎರಡು ಡಿಸ್ಕುಗಳಿವೆ. ವಾರಕ್ಕೊಂದು ಪಕ್ಕದ ಊರಿನ ಅಕ್ಕನ ಮನೆಯ ಬೀರುವಿಗೆ ಹೋಗುತ್ತದೆ. “ತೆರೆದು ನೋಡಿದ್ದೀಯಾ?” ಎಂದು ಮೊನ್ನೆ ಕೇಳಿದೆ. ಭಾನುವಾರ ಬೇರೊಂದು ಕಂಪ್ಯೂಟರಿಗೆ ಸೇರಿಸಿ ನೋಡಿದನಂತೆ. ತೆರೆಯಲಿಲ್ಲ. ಪ್ರತಿ ಸರಿಯಾಗಿತ್ತು, ಅದನ್ನು ಓದುವ ಲೆಕ್ಕದ ತಂತ್ರಾಂಶ ಆ ಕಂಪ್ಯೂಟರಿನಲ್ಲಿ ಇರಲಿಲ್ಲ. ಸಂಜೆಯವರೆಗೆ ಕುಳಿತು ಅದನ್ನು ಸರಿಪಡಿಸಿದನೆಂದು ಕೇಳಿ ನನಗೆ ಸಂತೋಷವಾಯಿತು. ಆ ತೊಡಕು ಬಿಡುವಿನ ಭಾನುವಾರ ತಿಳಿದದ್ದು ಅವನ ಪುಣ್ಯ.