ವ್ಯಾಯಾಮ: ಯಾರಿಗೆ? ಎಷ್ಟು?

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯನ್ನು ಕೇಳದವರಾರು? ಉಂಡದ್ದನ್ನು ಅರಗಿಸುವ ಬಗೆಯನ್ನೂ ಬಲ್ಲವರಿಗೆ ಮಾತ್ರ ಈ ಗಾದೆ ಪೂರ್ಣವಾಗಿ ಸಲ್ಲುವುದೆಂದು ನನ್ನ ಅಭಿಪ್ರಾಯ. ಕಸರತ್ತೆಂದರೆ ಪೈಲ್ವಾನರ ಸೊತ್ತು, ಮೈದಾನವೆಂದರೆ ಓದು ಹತ್ತದ ಹುಡುಗರ ಠಾವು ಎಂಬ ಎಣಿಕೆ ನಮ್ಮಲ್ಲಿ ಬೇರೂರಿದೆ. ವ್ಯಾಯಾಮವು ಬಹು ಹಿಂದಿನಿಂದಲೂ ವೈದ್ಯದ ಒಂದು ಅಂಗವೆಂಬುದನ್ನು ನಾವು ಮರೆತಿದ್ದೇವೆ.

ಶರೀರಕ್ಕೆ ಆಯಾಸವನ್ನುಂಟುಮಾಡುವ ಕ್ರಿಯೆಯೇ ವ್ಯಾಯಾಮವೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಅದಕ್ಕೆ ಅಳತೆಯನ್ನೂ ಕೊಡುತ್ತದೆ: ತನ್ನ ಬಲದಲ್ಲಿ ಅರ್ಧದಷ್ಟು ಮಾತ್ರ. ಏದುಸಿರು ಬಾಯಿಗೆ ಬಂದಿತೆಂದರೆ ಅರ್ಧ ಬಲ ತೀರಿತು, ಅಲ್ಲಿಗೆ ನಿಲ್ಲಿಸಬೇಕು. ಮೀರಿದರೆ ಕೆಮ್ಮು, ಜ್ವರ, ಕ್ಷಯಗಳು ಬರುವುವೆಂದು ಎಚ್ಚರಿಕೆಯೂ ಉಂಟು. ಇಂದಿನ ಸಕ್ಕರೆ ಕಾಯಿಲೆಯನ್ನು ಒಳಗೊಂಡ ಪ್ರಮೇಹಕ್ಕೆ ಆ ಗ್ರಂಥ ಹೇಳುವ ಚಿಕಿತ್ಸೆ ಇನ್ನೂ ಸ್ವಾರಸ್ಯವಾದುದು. ಕುಸ್ತಿ, ಆಟ, ಕುದುರೆ ಸವಾರಿ, ನಡಿಗೆ ಇವೆಲ್ಲ ಅಲ್ಲಿ ಔಷಧಗಳು. ಹಣವಿಲ್ಲದವನು ಕೆರವೂ ಕೊಡೆಯೂ ಇಲ್ಲದೆ ನೂರು ಯೋಜನ ನಡೆಯಬೇಕು. ಹೊಲ ಉಳುವುದು, ಬಾವಿ ತೋಡುವುದು ಕೂಡ ಚಿಕಿತ್ಸೆಯೇ!

ಕನ್ನಡ ನಾಡಿನಲ್ಲಿಯೂ ಈ ವಿದ್ಯೆಗೆ ದೀರ್ಘ ಚರಿತ್ರೆಯಿದೆ. ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಆಹಾರವನ್ನೂ, ಭಾರ ಎತ್ತುವುದು, ನಡೆಯುವುದು, ಈಜುವುದು ಮೊದಲಾದ ಸಾಧನೆಗಳನ್ನೂ ವಿವರಿಸಿದ್ದಾನೆ. ನಮ್ಮ ನಾಗಮಂಗಲ ಸೀಮೆಯ ಆದಿಚುಂಚನಗಿರಿಯು ನಾಥ ಪರಂಪರೆಯ ಕ್ಷೇತ್ರ. ಆಸನಗಳಿಂದ ಶರೀರಕ್ಕೆ ಆರೋಗ್ಯವೂ ಲಾಘವವೂ ಬರುವುದೆಂದು ಸಾರಿದ ಹಠಯೋಗವು ಬೆಳೆದದ್ದು ನಾಥರಿಂದಲೇ. ಇನ್ನು ಮೈಸೂರು ಸೀಮೆಯ ಗರಡಿಮನೆಗಳನ್ನು ಹೇಳಬೇಕಾದುದೇ ಇಲ್ಲ. ಕೆಮ್ಮಣ್ಣಿನ ಮಟ್ಟಿ, ದಂಡ, ಬಸ್ಕಿ, ಗದೆ ಇವುಗಳ ಜೊತೆಗೆ ವೈದ್ಯವೂ ಅಲ್ಲಿತ್ತು. ತಪ್ಪಿದ ಕೀಲನ್ನು ಕೂಡಿಸುವುದರಲ್ಲಿ ಜಟ್ಟಿಗಳು ಹೆಸರಾದವರು.

1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ಆರಂಭವಾಯಿತು. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ನರಳಿದ್ದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಆಸನಗಳನ್ನು ಕಲಿಯತೊಡಗಿದ್ದು ಮೈಸೂರಿನಲ್ಲಿ, ಈ ಗುರುವಿನ ಬಳಿಯಲ್ಲಿಯೇ. ಅವರು ಹುಟ್ಟಿದ್ದು ಕೋಲಾರದ ಕಡೆಯ ಬೆಳ್ಳೂರು, ನಮ್ಮ ಬೆಳ್ಳೂರಲ್ಲ. ಅದೇ ಶಾಲೆಗೆ ಇಂದ್ರಾದೇವಿ ಎಂಬ ವಿದೇಶೀ ಮಹಿಳೆ ಬಂದಾಗ ಗುರುಗಳು ಮೊದಲು ಒಪ್ಪಲಿಲ್ಲ. ಮಹಾರಾಜರು ಹೇಳಿದ ಮೇಲೆ ಸೇರಿಸಿಕೊಂಡರು. ಔಷಧಕ್ಕೆ ಗಂಡು ಹೆಣ್ಣೆಂಬ ಭೇದವುಂಟೇ? ಅರಮನೆಯ ಮಾತು ನಡೆಯದ ಕಡೆ ಹೆಣ್ಣುಮಕ್ಕಳ ಪಾಡೇನು?

ಆಧುನಿಕ ವಿಜ್ಞಾನವೂ ಇದೇ ದಾರಿಗೆ ಬಂದಿದೆ. 1953ರಲ್ಲಿ ಜೆರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಸಾರಿಗೆ ನೌಕರರನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಕುಳಿತೇ ಇರುವ ಡ್ರೈವರುಗಳಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲುಗಳನ್ನು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆಯೆಂದು ಅದರಿಂದ ಗೊತ್ತಾಯಿತು.

ಹಾಗಾದರೆ ದುಡಿಯುವವರಿಗೆ ವ್ಯಾಯಾಮದ ಗೊಡವೆಯೇ ಬೇಡವೆನ್ನುವವರಿದ್ದಾರೆ. ಇದನ್ನು ನಾನು ಒಪ್ಪಲಾರೆ. ಮಂಡಿನೋವೆಂದು ಹೋದ ನನ್ನ ತಾಯಿಗೆ ವೈದ್ಯರೊಬ್ಬರು ವ್ಯಾಯಾಮ ಮಾಡಬೇಕೆಂದರು. "ಇನ್ಯಾವ ಯಾಯಾಮ ಮಾಡ್ಲಿ ಸ್ವಾಮಿ? ಬೆಳಗಿಂದ ಬೈಗಿನಗಂಟ ಬಗ್ಗಿದ ಬೆನ್ನು ಎತ್ತಿಲ್ಲ" ಎಂದು ಅವ್ವ ನಕ್ಕಳು. ಇಬ್ಬರ ಮಾತೂ ನಿಜ. ಗದ್ದೆಯ ನಾಟಿಗೂ ಕಬ್ಬಿನ ಕಟಾವಿಗೂ ಅರ್ಧ ಬಲದ ನಿಯಮವಿಲ್ಲ. ಏದುಸಿರು ಬಂದಿತೆಂದು ಕೂಲಿಯವಳು ನಿಲ್ಲಿಸಿದರೆ ಆ ದಿನದ ಕೂಲಿಯೇ ಹೋಗುವುದು. ಸುಶ್ರುತನ ರೋಗಿ ಹೊಲ ಉಳುವುದು ತನ್ನ ಮೈಗಾಗಿ. ನಮ್ಮವರು ಉಳುವುದು ಹೊಟ್ಟೆಗಾಗಿ. ಬಲವನ್ನು ಕೂಡಿಸುವುದು ವ್ಯಾಯಾಮ, ಬಲವನ್ನು ತೀರಿಸುವುದು ದುಡಿಮೆ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಹಳ್ಳಿಯವರ, ಅದರಲ್ಲಿಯೂ ಹೆಂಗಸರ, ಆರೋಗ್ಯದ ಪ್ರಶ್ನೆ ಯಾರ ಗಮನಕ್ಕೂ ಬಾರದೆ ಹೋಗಿದೆ.

ಈಗ ನಮ್ಮ ಕಾಲೇಜಿನ ಮಾತು. ಇಲ್ಲಿ ಸಂಜೆಯ ಮೈದಾನ ಹುಡುಗರದು. ಹಳ್ಳಿಯಿಂದ ಬರುವ ನಾವು ಹುಡುಗಿಯರು ಕೊನೆಯ ಪೀರಿಯಡ್ಡು ಮುಗಿಯುತ್ತಲೇ ಬಸ್ಸಿಗೆ ಓಡಬೇಕು. ಆ ಓಟವೊಂದೇ ನಮ್ಮ ಪಾಲಿನ ವ್ಯಾಯಾಮ! ಮನೆಗೆ ಹೋದರೆ ಹಸು, ಒಲೆ, ಪಾತ್ರೆಗಳು ಕಾದಿರುತ್ತವೆ. ಆದುದರಿಂದ ವ್ಯಾಯಾಮವು ವೇಳಾಪಟ್ಟಿಯ ಒಳಗೇ ಇರತಕ್ಕದ್ದು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಐವತ್ತು ನಿಮಿಷದ ಮೂರು ಪೀರಿಯಡ್ಡುಗಳಾದರೆ ಲೆಕ್ಕ ಸರಿಹೋಗುವುದು. ಅಂಕಗಳಿಲ್ಲದ ವಿಷಯಕ್ಕೆ ಇಷ್ಟು ವೇಳೆಯೇ ಎಂದು ಕೆಲವರು ಆಕ್ಷೇಪಿಸಬಹುದು. ಪದವಿಯನ್ನು ಹೊತ್ತು ನಡೆಯಬೇಕಾದದ್ದು ಈ ದೇಹವೇ ಅಲ್ಲವೇ?

ನಮ್ಮ ಮನೆಯಲ್ಲಿ ಪದವಿಯ ಹೊಸ್ತಿಲನ್ನು ತುಳಿದವಳು ನಾನೇ ಮೊದಲು. ಅವ್ವನ ಬೆನ್ನು ಬಗ್ಗಿದ್ದರಿಂದ ನನಗೆ ಓದು ದೊರೆಯಿತು. ಮೈಯನ್ನು ಅಳತೆಯರಿತು ದುಡಿಸುವ ವಿದ್ಯೆಯನ್ನೂ ನಾವು ಇಲ್ಲಿ ಕಲಿತು, ನಮ್ಮ ಹಟ್ಟಿಗಳಿಗೆ ಕೊಂಡೊಯ್ಯಬೇಕು. ಅಧ್ಯಾಪಕ ಮಹಾಶಯರು ಮುಂದಿನ ವರ್ಷದ ವೇಳಾಪಟ್ಟಿಯನ್ನು ಬರೆಯುವ ಮುನ್ನ ಈ ಮಾತನ್ನು ಯೋಚಿಸಬೇಕೆಂದು ಬಿನ್ನವಿಸುತ್ತೇನೆ. ನಾನಂತೂ ಈ ವರ್ಷ ಹೊರಡುವವಳು. ಕೇಳುತ್ತಿರುವುದು ನನ್ನ ಹಿಂದೆ ಬರುವ ತಂಗಿಯರಿಗಾಗಿ.