ಅಡಿಕೆ ತೋಟಕ್ಕೆ ಬೈನಾಕ್ಯುಲರ್: ದೊಡ್ಡ ನಂಬರ್ ನೋಡಿ ತಗೋಬೇಡಿ

ಮಳೆಗಾಲ ಹತ್ತಿರ ಬಂತು ಅಂದ್ರೆ ಮೈಲುತುತ್ತ, ಸುಣ್ಣ, ಕೊಟ್ಟೆ, ದೋಟಿ ಅಂತ ಎಲ್ಲರೂ ಹೊಂದಿಸಿಕೊಳ್ತೇವೆ. ಆ ಪಟ್ಟಿಗೆ ಒಂದು ಸಣ್ಣ ಬೈನಾಕ್ಯುಲರ್ ಕೂಡ ಸೇರಬೇಕು ಅನ್ನೋದು ನನ್ನ ಅಭಿಪ್ರಾಯ. ಹಕ್ಕಿ ನೋಡೋಕಲ್ಲ, ಕೊನೆ ನೋಡೋಕೆ.

ನಮ್ಮ ಬೆಳೆ ಇರೋದು 40-50 ಅಡಿ ಮೇಲೆ, ನಾವು ಇರೋದು ಬುಡದಲ್ಲಿ. ಕೊಳೆ ಶುರುವಾದಾಗ ಕಾಯಿ ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಮಚ್ಚೆ ಬರುತ್ತೆ, ಹಸಿರು ಹೊಳಪು ಹೋಗುತ್ತೆ. ಬರಿಗಣ್ಣಿಗೆ ಇದು ಕಾಣೋದಿಲ್ಲ. ಕಾಯಿ ಉದುರಿದ ಮೇಲೇ ನಮಗೆ ಗೊತ್ತಾಗೋದು. ಒತ್ತಾಗಿರೋ ತೋಟದಲ್ಲಿ ಅದು ಯಾವ ಮರದ್ದು ಅಂತ ಆಗಲೂ ಅನುಮಾನವೇ. ಸುಳಿ ಕೊಳೆಯೂ ಹಾಗೇ. ಸುಳಿ ಎಲೆ ಹಳದಿಯಾಗೋದು ಬೇಗ ಕಣ್ಣಿಗೆ ಬಿದ್ರೆ ಮಾತ್ರ ಮರ ಉಳಿಸೋ ಅವಕಾಶ. ದೋಟಿಯಲ್ಲಿ ಕೆಳಗಿನಿಂದಲೇ ಔಷಧಿ ಹೊಡೆಸುವವರಿಗೆ ಇನ್ನೂ ಒಂದು ಉಪಯೋಗ ಇದೆ. ಒಣಗಿದ ಮೇಲೆ ಬೋರ್ಡೋದ ನೀಲಿ ಲೇಪ ಕೊನೆಯ ಹಿಂಭಾಗಕ್ಕೂ ಕೂತಿದೆಯಾ ಇಲ್ಲವಾ ಅಂತ ಸುತ್ತ ನಡೆದು ನೋಡಬಹುದು.

ಕೊನೆಗೌಡರು ಸಿಗೋದೇ ಕಷ್ಟ. ಸಿಕ್ಕವರನ್ನ ಪಾಚಿ ಕಟ್ಟಿದ ಒದ್ದೆ ಮರಕ್ಕೆ 'ಒಂಚೂರು ಹತ್ತಿ ನೋಡು ಮಾರಾಯ' ಅಂತ ಬರೀ ನೋಡೋ ಕೆಲಸಕ್ಕೆ ಹತ್ತಿಸೋದು ಸರಿಯಲ್ಲ. ಜಾರಿದ್ರೆ ಒಂದು ಮನೆ ಬೀದಿಗೆ ಬರುತ್ತೆ.

ಈಗ ಯಾವುದು ತಗೋಬೇಕು ಅನ್ನೋದು. ಬೈನಾಕ್ಯುಲರ್ ಮೇಲೆ 8×25, 10×25 ಅಂತ ಬರೆದಿರುತ್ತೆ. ಮೊದಲನೇದು ಎಷ್ಟು ಪಟ್ಟು ಹತ್ತಿರ ಕಾಣುತ್ತೆ ಅನ್ನೋದು, ಎರಡನೇದು ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಎಲ್ಲರ ಕಣ್ಣೂ ಮೊದಲನೇ ನಂಬರ್ ಮೇಲೆ. ಆದ್ರೆ ಲೆಕ್ಕ ಹಾಕಿ ನೋಡಿ: 50 ಅಡಿ ಎತ್ತರದ ಕೊನೆ 8 ಪಟ್ಟಿನಲ್ಲಿ ಸುಮಾರು 6 ಅಡಿ ದೂರದಲ್ಲಿ ಇದ್ದ ಹಾಗೆ, 10 ಪಟ್ಟಿನಲ್ಲಿ 5 ಅಡಿ. ಲಾಭ ಬರೀ ಒಂದು ಅಡಿ! ಕುತ್ತಿಗೆ ಎತ್ತಿ ನೋಡುವಾಗ ಕೈ ನಡುಗೋದೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತೆ, ನೋಟವೂ ಕಿರಿದಾಗುತ್ತೆ.

ಬೆಳಕಿನ ಲೆಕ್ಕ ಅದಕ್ಕಿಂತ ಮುಖ್ಯ. ಎರಡನೇ ನಂಬರನ್ನ ಮೊದಲನೇದರಿಂದ ಭಾಗಿಸಿ. 10×25ಕ್ಕೆ 2.5 ಬರುತ್ತೆ, 8×25ಕ್ಕೆ 3.1, 8×30ಕ್ಕೆ 3.75. ಕಣ್ಣಿಗೆ ಬಂದು ಬೀಳೋ ಬೆಳಕಿನ ವೃತ್ತದ ಅಗಲ ಅದು. ಜುಲೈ ತಿಂಗಳ ಮೋಡದಲ್ಲಿ, ತೋಟದ ನೆರಳಲ್ಲಿ, 2.5 ಮಂಕು. 10×25ಕ್ಕಿಂತ 8×30ರಲ್ಲಿ ಎರಡು ಪಟ್ಟಿಗೂ ಹೆಚ್ಚು ಬೆಳಕು.

ಒಂದೇ ಕಂಪನಿಯ ಮೂರು ಮಾಡೆಲ್ ಉದಾಹರಣೆಗೆ ಇಡ್ತೀನಿ. ನಿಕಾನ್ ಆಕ್ಯುಲಾನ್ ಟಿ01, 8×21: ತೂಕ 195 ಗ್ರಾಂ, ಅಂಗಿ ಜೇಬಿಗೆ ಹೋಗುತ್ತೆ, ಆದ್ರೆ ವಾಟರ್‌ಪ್ರೂಫ್ ಅಲ್ಲ. ಬೇಸಿಗೆಯಲ್ಲಿ ಹಿಂಗಾರ ನೋಡೋಕೆ ಸರಿ, ಮಳೆಗಾಲಕ್ಕೆ ಬೇಡ. ಸ್ಪೋರ್ಟ್‌ಸ್ಟಾರ್ ಇಎಕ್ಸ್, 8×25: 300 ಗ್ರಾಂ, ವಾಟರ್‌ಪ್ರೂಫ್. 50 ಅಡಿಯಲ್ಲಿ ಸುಮಾರು 7 ಅಡಿ ಅಗಲ ಒಟ್ಟಿಗೆ ಕಾಣೋದ್ರಿಂದ ಕೊನೆ ಹುಡುಕೋದು ಸುಲಭ. ಪ್ರೋಸ್ಟಾಫ್ ಪಿ3, 8×30: ಹೆಚ್ಚುಕಮ್ಮಿ ಅರ್ಧ ಕೆಜಿ, ಕುತ್ತಿಗೆಗೆ ಹಾಕ್ಕೋಬೇಕು. ಬೆಳಕು ಮೂರರಲ್ಲೂ ಚೆನ್ನಾಗಿರೋದು ಇದರಲ್ಲೇ. ಬೆಲೆಯೂ ಇದೇ ಕ್ರಮದಲ್ಲಿ ಏರುತ್ತೆ. ಬೇರೆ ಕಂಪನಿಯದಾದರೂ ಇದೇ ಅಳತೆ ಹಿಡಿದು ಹೋಲಿಸಿ.

ಯಾವಾಗಲೂ ಕನ್ನಡಕ ಹಾಕುವವರು 'ಐ ರಿಲೀಫ್' ಅನ್ನೋ ಅಂಕಿ ನೋಡಿ, 15 ಮಿಲಿಮೀಟರ್ ಬೇಕು. ಮೊದಲಿನ ಎರಡರಲ್ಲಿ ಅದು ಸುಮಾರು 10 ಅಷ್ಟೇ, ಹಾಗಾಗಿ ನೋಟದ ಅಂಚು ಕತ್ತರಿಸಿ ಹೋಗುತ್ತೆ. ಪಿ3ಯಲ್ಲಿ 15 ಇದೆ. ಓದೋಕೆ ಮಾತ್ರ ಕನ್ನಡಕ ಹಾಕುವವರಿಗೆ ಈ ತಾಪತ್ರಯ ಇಲ್ಲ, ತೆಗೆದಿಟ್ಟು ನೋಡಿದ್ರಾಯ್ತು.

ಸಾವಿರ ರೂಪಾಯಿಗೆ '60×60' ಅಂತ ಬರೆದು, ಕೆಂಪು ಗಾಜು ಹಾಕಿ ಮಾರೋದನ್ನ ಮುಟ್ಟಬೇಡಿ. ಆ ನಂಬರೂ ಸುಳ್ಳು, ಕೆಂಪು ಗಾಜು ಬೆಳಕನ್ನ ವಾಪಸ್ ಕಳಿಸುತ್ತೆ ಅಷ್ಟೇ. ಎರಡು ಕೊಳವೆ ಸರಿಯಾಗಿ ಕೂಡದೆ ತಲೆನೋವು ಬೇರೆ.

'ಮೊಬೈಲ್ ಜೂಮ್ ಇದೆಯಲ್ಲ' ಅಂತ ಕೆಲವರು ಕೇಳ್ತಾರೆ. ಆಕಾಶದ ಬೆಳಕಿಗೆ ಎದುರಾಗಿ ಹಿಡಿದ್ರೆ ಮೊಬೈಲಲ್ಲಿ ಕೊನೆ ಕರ್ರಗೆ ಬರುತ್ತೆ, ಹೆಚ್ಚು ಜೂಮ್ ಮಾಡಿದ್ರೆ ಕಲಸಿ ಹೋಗುತ್ತೆ. ರೋಗ ಕಂಡ ಮೇಲೆ ಬೈನಾಕ್ಯುಲರ್ ಗಾಜಿಗೆ ಮೊಬೈಲ್ ಒತ್ತಿ ಹಿಡಿದು ಫೋಟೋ ತೆಗೆದು ಕೃಷಿ ವಿಜ್ಞಾನಿಗಳಿಗೆ ಕಳಿಸಿ, ಅದು ಒಳ್ಳೇದು. ಡ್ರೋನ್ ಮೇಲಿಂದ ಸೋಗೆ ತೋರಿಸುತ್ತೆ, ಸೋಗೆ ಕೆಳಗಿನ ಕೊನೆ ತೋರಿಸೋಲ್ಲ.

ತಂದ ಮೇಲೆ ವಾಪಸ್ ಕೊಡೋ ದಿನ ಮುಗಿಯೋದ್ರೊಳಗೆ ನಿಮ್ಮ ಅತೀ ಎತ್ತರದ ಮರಕ್ಕೆ ಸಂಜೆ ಐದರ ನಂತರ ಹಿಡಿದು ನೋಡಿ. ಕಾಯಿ ತೊಟ್ಟು ಬಿಡಿಬಿಡಿಯಾಗಿ ಕಾಣದಿದ್ರೆ ವಾಪಸ್ ಮಾಡಿ. ಸೂರ್ಯನ ಕಡೆಗೆ ಮಾತ್ರ ತಿರುಗಿಸಲೇಬೇಡಿ, ಕಣ್ಣು ಹೋಗುತ್ತೆ. ಮಳೆಗಾಲದಲ್ಲಿ ಒರೆಸಿ, ಒಣಗಿಸಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನಮ್ಮ ಕಡೆ ಗಾಜಿಗೂ ಬೂಷ್ಟು ಹಿಡಿಯುತ್ತೆ.

ಒಬ್ಬರಿಗೆ ಭಾರ ಅನ್ನಿಸಿದ್ರೆ ಅಕ್ಕಪಕ್ಕದ ಎರಡು ಮೂರು ಮನೆಯವರು ಸೇರಿ ಒಂದು 8×30 ತಗೊಳ್ಳಿ. ಮೊದಲನೇ ಔಷಧಿ ಆಗಿ ಎರಡನೇದಕ್ಕೆ 40-45 ದಿನ ಇರುತ್ತಲ್ಲ, ಆ ನಡುವೆ ವಾರಕ್ಕೊಮ್ಮೆ ತೋಟ ಸುತ್ತಿ ಮೇಲೆ ನೋಡೋದು ರೂಢಿ ಆಗಲಿ. ಅಲ್ಲೊಂದು ಇಲ್ಲೊಂದು ಮರದಲ್ಲಿ ಕೊಳೆ ಇರುವಾಗಲೇ ಕಂಡರೆ ಅದನ್ನ ಅಲ್ಲೇ ತಡೆಯಬಹುದು.