ದವಾದ ಬೆಲೆ ಕಾಮರ್ಸ್‌ನವರ ವಿಷಯವೂ ಹೌದು

ನಮ್ಮ ಮನೆಯ ಉರ್ದುವಿನಲ್ಲಿ ಕಾಯಿಲೆಗೆ ದವಾ, ದುಆ ಎರಡೂ ಬೇಕೆನ್ನುತ್ತಾರೆ. ದುಆಗೆ ದುಡ್ಡು ಬೇಡ, ದವಾಗೆ ಬೇಕು. ಆದ್ದರಿಂದ ಕ್ಯಾನ್ಸರ್ ನಮ್ಮ ಕಾಮರ್ಸ್‌ನವರ ವಿಷಯವೂ ಹೌದು.

ಸೈಕ್ಲಿನ್ ಡಿ1 ಜೀವಕೋಶಕ್ಕೆ ವಿಭಜನೆಯಾಗಲು ಸೂಚನೆ ಕೊಡುವ ಪ್ರೋಟೀನ್. ಅನೇಕ ಸ್ತನ ಕ್ಯಾನ್ಸರ್ ಗಡ್ಡೆಗಳಲ್ಲಿ ಅದು ಮಿತಿಮೀರಿ ತಯಾರಾಗುತ್ತದೆ. ಅದರ ಜೊತೆ ಕೆಲಸ ಮಾಡುವ ಕಿಣ್ವಗಳನ್ನು ಪಾಲ್ಬೊಸಿಕ್ಲಿಬ್ ಔಷಧ ತಡೆಯುತ್ತದೆ. 2023ರ ಜನವರಿಯಲ್ಲಿ ಭಾರತದಲ್ಲಿ ಅದರ ಪೇಟೆಂಟ್ ಮುಗಿಯಿತು. ಹಲವು ಕಂಪನಿಗಳು ಅದನ್ನೇ ತಯಾರಿಸಿದವು, ಬೆಲೆ ಇಳಿಯಿತು. ಏಕಸ್ವಾಮ್ಯ, ಪೈಪೋಟಿ ಎಂದು ನಾವು ಓದುವುದು ಇದನ್ನೇ.

ಆದರೆ ಪೇಟೆಂಟ್ ಮುಗಿಯಲೆಂದು ಗಡ್ಡೆ ಕಾಯುವುದಿಲ್ಲ. ತಲಪಾಡಿ ದಾಟಿದರೆ ಕೇರಳ. ಇದೇ ಬಗೆಯ ರೈಬೊಸಿಕ್ಲಿಬ್ ಅಗ್ಗವಾಗಲೆಂದು ಅಲ್ಲಿನ ಹೈಕೋರ್ಟಿಗೆ ಹೋದ ಮಹಿಳೆ 2022ರಲ್ಲಿ ತೀರ್ಪಿಗೆ ಮೊದಲೇ ತೀರಿಕೊಂಡರು. ಪೇಟೆಂಟ್ ಇರುವಾಗಲೇ ಬೇರೆ ಕಂಪನಿಗೆ ಕಡ್ಡಾಯ ಪರವಾನಗಿ ಕೊಡಲು ಕಾನೂನಿದೆ. 2012ರಲ್ಲಿ ಇನ್ನೊಂದು ಕ್ಯಾನ್ಸರ್ ಔಷಧಕ್ಕೆ ಕೊಟ್ಟಿದ್ದಾರೆ. ಸರಕಾರ ಅದನ್ನು ಮತ್ತೆ ಬಳಸಬೇಕು.